ಒಂದೇ ಬಳ್ಳಿಯ ಜನ

ಲುಂಡ್ ಊರಿನ ಉತ್ತರಕ್ಕೆ, ಮನೆಗಳ ನಡುವಿನ ಸಣ್ಣ ಉದ್ಯಾನವೊಂದರಲ್ಲಿ ಎತ್ತರದ ಕಲ್ಲಿನ ಸ್ತಂಭವಿದೆ. ದಕ್ಷಿಣ ಸ್ವೀಡನ್ನಿನ ಈ ವಿಶ್ವವಿದ್ಯಾಲಯದ ಊರಿಗೆ ಬಂದವರು ಹನ್ನೆರಡನೆಯ ಶತಮಾನದ ಕೆಥೆಡ್ರಲ್ ನೋಡಿ, ಅಲ್ಲಿನ ಹಳೆಯ ಖಗೋಳ ಗಡಿಯಾರದ ಮುಂದೆ ಸ್ವಲ್ಪ ಹೊತ್ತು ನಿಂತು ಹೊರಟುಬಿಡುತ್ತಾರೆ. ಸ್ತಂಭದ ಕಡೆಗೆ ಹೋಗುವವರು ಕಡಿಮೆ. 1883ರಲ್ಲಿ ನಿಲ್ಲಿಸಿದ ಆ ಕಲ್ಲಿನ ಮೇಲಿನ ಬರಹದ ತಾತ್ಪರ್ಯ ಇಷ್ಟು: 1676ರ ಡಿಸೆಂಬರ್ 4ರಂದು ಈ ಜಾಗದಲ್ಲಿ ಒಂದೇ ಬಳ್ಳಿಯ ಜನ ಕಾದಾಡಿ ರಕ್ತ ಚೆಲ್ಲಿದರು, ರಾಜಿಯಾದ ಅವರ ವಂಶಜರು ಈ ಸ್ಮಾರಕವನ್ನು ನಿಲ್ಲಿಸಿದರು.

ಕಾದಾಡಿದವರು ಡೇನರು ಮತ್ತು ಸ್ವೀಡರು. ಒಂದೇ ದಿನದ ಕದನ. ಕಣಕ್ಕಿಳಿದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಕತ್ತಲಾಗುವ ಹೊತ್ತಿಗೆ ಹೆಣವಾಗಿದ್ದರು. ಗೆದ್ದದ್ದು ಸ್ವೀಡನ್. ಆದರೆ ಇನ್ನೂರು ವರ್ಷ ಕಳೆದ ಮೇಲೆ ಗೆದ್ದವರದೇ ನೆಲದಲ್ಲಿ ನಿಲ್ಲಿಸಿದ ಆ ಕಲ್ಲಿನಲ್ಲಿ ಗೆದ್ದವರು ಯಾರು, ಸೋತವರು ಯಾರು ಎಂಬ ಮಾತೇ ಇಲ್ಲ. ನಾನು ನೋಡಿರುವ ಯುದ್ಧ ಸ್ಮಾರಕಗಳಲ್ಲಿ ಇದರಷ್ಟು ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದಿಲ್ಲ. ಸ್ಕ್ಯಾಂಡಿನೇವಿಯಾ ಎಂದರೆ ನಿಜಕ್ಕೂ ಏನು ಎಂದು ಊರಿನ ನೆಂಟರು ಫೋನಿನಲ್ಲಿ ಕೇಳಿದಾಗ ಮೊದಲು ನೆನಪಿಗೆ ಬರುವುದು ಈ ಬರಹ.

ಹೊರಗಿನವರ ಕಣ್ಣಿಗೆ ಸ್ಕ್ಯಾಂಡಿನೇವಿಯಾ ಎಂದರೆ ಹಿಮ, ವೈಕಿಂಗರ ಹಡಗು, ತಿಳಿಬಣ್ಣದ ಮರದ ಪೀಠೋಪಕರಣ, ಭಾರೀ ತೆರಿಗೆ, ಸುಖಿ ದೇಶಗಳ ಪಟ್ಟಿಯ ಮೇಲಿನ ಸಾಲುಗಳು. ಇಲ್ಲಿಯವರಿಗೆ ಅದು ಇನ್ನೂರು ವರ್ಷಗಳಿಂದ ಮುಗಿಯದ ವಾಗ್ವಾದ. ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಸೇರಿದರೆ ಸ್ಕ್ಯಾಂಡಿನೇವಿಯಾ. ಫಿನ್ಲೆಂಡ್, ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್, ಫಾರೋ ಮತ್ತು ಓಲಂಡ್ ದ್ವೀಪಗಳೂ ಸೇರಿದರೆ ಅದು ನಾರ್ಡಿಕ್ ಎಂಬ ದೊಡ್ಡ ಬಳಗ. ಫಿನ್ಲೆಂಡಿನವರನ್ನು ಸ್ಕ್ಯಾಂಡಿನೇವಿಯದವರು ಎಂದರೆ ಅವರಲ್ಲಿ ಅನೇಕರು ಸೌಜನ್ಯದಿಂದಲೇ ತಿದ್ದುತ್ತಾರೆ. ಅವರ ಭಾಷೆಯ ಮೂಲವೇ ಬೇರೆ. ಆದರೂ 1809ರಲ್ಲಿ ರಷ್ಯಾ ಕಿತ್ತುಕೊಳ್ಳುವವರೆಗೆ ಶತಮಾನಗಳ ಕಾಲ ಅವರ ನಾಡು ಸ್ವೀಡನ್ನಿನ ಅಂಗವೇ ಆಗಿತ್ತು. ನಕ್ಷೆಯ ಮೇಲೆ ಗೆರೆ ಎಳೆದು ಇದಿಷ್ಟೇ ಎಂದು ತೋರಿಸಲು ಹೋದರೆ ಈ ಹೆಸರು ಕೈಗೆ ಸಿಗುವುದಿಲ್ಲ.

ನಾನಿರುವ ಸ್ಕೋನೆ ಪ್ರಾಂತ್ಯವನ್ನೇ ತೆಗೆದುಕೊಳ್ಳಿ. 1658ರವರೆಗೆ ಇದು ಡೆನ್ಮಾರ್ಕಿನ ನೆಲ. ಆ ವರ್ಷದ ಚಳಿ ಎಂಥದ್ದೆಂದರೆ ಡೆನ್ಮಾರ್ಕಿನ ದ್ವೀಪಗಳ ನಡುವಿನ ಸಮುದ್ರವೇ ಹೆಪ್ಪುಗಟ್ಟಿತು. ಸ್ವೀಡನ್ನಿನ ದೊರೆ ಹತ್ತನೆಯ ಕಾರ್ಲ್ ಗುಸ್ತಾವ್ ತನ್ನ ಸೈನ್ಯವನ್ನು ಕುದುರೆ, ಫಿರಂಗಿ ಸಮೇತ ಆ ಮಂಜುಗಡ್ಡೆಯ ಮೇಲೆಯೇ ನಡೆಸಿಕೊಂಡು ಬಂದ. ಒಂದೆಡೆ ಗಡ್ಡೆ ಬಿರುಕುಬಿಟ್ಟು ಸವಾರರು ಕುದುರೆಗಳೊಂದಿಗೆ ನೀರುಪಾಲಾದರು, ಉಳಿದವರು ದಾಟಿದರು. ಕೋಪನ್‌ಹೇಗನ್ನಿನ ಹೊಸ್ತಿಲಿಗೇ ಶತ್ರು ಬಂದು ನಿಂತಾಗ ಡೆನ್ಮಾರ್ಕಿಗೆ ಬೇರೆ ದಾರಿ ಇರಲಿಲ್ಲ. ರೊಸ್ಕಿಲ್ಡೆ ಒಪ್ಪಂದದ ಪ್ರಕಾರ ಸ್ಕೋನೆಯೂ ಅದರ ಅಕ್ಕಪಕ್ಕದ ಸೀಮೆಗಳೂ ಸ್ವೀಡನ್ನಿಗೆ ಸೇರಿದವು. ಜನರ ಹಳೆಯ ಕಾನೂನು, ಹಕ್ಕುಬಾಧ್ಯತೆಗಳು ಹಾಗೆಯೇ ಉಳಿಯುತ್ತವೆ ಎಂಬ ಭರವಸೆ ಒಪ್ಪಂದದಲ್ಲಿತ್ತು. ಅದು ಉಳಿಯಲಿಲ್ಲ. ಕೆಲವೇ ದಶಕಗಳಲ್ಲಿ ಚರ್ಚಿನ ಪ್ರಾರ್ಥನೆ, ಮಕ್ಕಳ ಪಾಠ, ನ್ಯಾಯಾಲಯದ ಕಟ್ಟಳೆ ಎಲ್ಲವೂ ಸ್ವೀಡಿಷ್ ಆದವು. ಡೆನ್ಮಾರ್ಕಿನ ಪರವಾಗಿ ಕಾಡುಗಳಲ್ಲಿ ಅಡಗಿ ಹೋರಾಡಿದವರಿಗೆ ದರೋಡೆಕೋರರೆಂಬ ಹಣೆಪಟ್ಟಿ ಹಚ್ಚಿ ಚಿತ್ರಹಿಂಸೆ ಕೊಟ್ಟು ಕೊಂದರು. 1666ರಲ್ಲಿ ಲುಂಡ್ ವಿಶ್ವವಿದ್ಯಾಲಯ ಹುಟ್ಟಿದ್ದೂ ಈ ಹಂಚಿಕೆಯ ಭಾಗವಾಗಿಯೇ. ಇಲ್ಲಿನ ಪಾದ್ರಿಗಳು ಓದಲು ಕೋಪನ್‌ಹೇಗನ್ನಿಗೆ ಹೋಗುವುದು ನಿಲ್ಲಬೇಕು, ಮುಂದಿನ ತಲೆಮಾರು ಸ್ವೀಡರಾಗಿಯೇ ಬೆಳೆಯಬೇಕು ಎಂಬುದು ಅರಮನೆಯ ಲೆಕ್ಕಾಚಾರ.

ಲೆಕ್ಕ ತಪ್ಪಲಿಲ್ಲ. ಇಂದು ಸ್ಕೋನೆಯವರು ಸ್ವೀಡರೇ. ಆದರೂ ಅವರ ರಕಾರ ಡೇನರದರಂತೆ ಗಂಟಲಿನಿಂದಲೇ ಹೊರಡುತ್ತದೆ, ಸ್ಟಾಕ್‌ಹೋಮಿನವರು ಅದನ್ನು ಕೇಳಿ ಕಿವಿ ನಿಮಿರಿಸುತ್ತಾರೆ. ಹೊಲದ ನಡುವಿನ ಮನೆಗಳ ಮುಂದೆ ಹಾರುವ ಪ್ರಾಂತ್ಯದ ಬಾವುಟದಲ್ಲಿ ಡೆನ್ಮಾರ್ಕಿನ ಕೆಂಪು ನೆಲ, ಅದರ ಮೇಲೆ ಸ್ವೀಡನ್ನಿನ ಹಳದಿ ಶಿಲುಬೆ.

ಡೆನ್ಮಾರ್ಕಿನಿಂದ ಮನಸ್ಸುಗಳನ್ನು ಬೇರ್ಪಡಿಸಲು ಕಟ್ಟಿದ ಇದೇ ವಿಶ್ವವಿದ್ಯಾಲಯದಲ್ಲಿ, ಒಂದೂವರೆ ಶತಮಾನ ದಾಟಿದ ಮೇಲೆ, ಸ್ಕ್ಯಾಂಡಿನೇವಿಯಾ ಒಂದಾಗಬೇಕೆಂಬ ಆಸೆ ಚಿಗುರೊಡೆಯಿತು ಎಂಬುದು ನನಗೆ ಇಂದಿಗೂ ಬೆರಗು. 1829ರ ಜೂನ್ ತಿಂಗಳಲ್ಲಿ ಕೆಥೆಡ್ರಲ್ಲಿನಲ್ಲಿ ಪದವಿ ಪ್ರದಾನ ಸಮಾರಂಭ ನಡೆಯುತ್ತಿತ್ತು. ಅಲ್ಲಿ ಹಿಂದೆ ಗ್ರೀಕ್ ಪ್ರಾಧ್ಯಾಪಕರಾಗಿದ್ದ ಕವಿ, ಬಿಷಪ್ ಎಸಾಯಸ್ ಟೆಗ್ನೇರ್ ಡೆನ್ಮಾರ್ಕಿನ ಕವಿ ಆಡಮ್ ಎಲೆನ್‌ಶ್ಲೇಗರ್ ಅವರ ತಲೆಯ ಮೇಲೆ ಲಾರೆಲ್ ಎಲೆಗಳ ಕಿರೀಟವಿಟ್ಟು, ಒಡಕಿನ ಕಾಲ ಮುಗಿಯಿತು ಎಂದು ಸಾರಿದರು. ಹೊರಗೆ, ಕೂಗಳತೆಯ ದೂರದಲ್ಲಿ, 1676ರ ಆ ಹೆಣಗಳು ಬಿದ್ದ ಬಯಲು. ಒಂಬತ್ತು ವರ್ಷಗಳ ನಂತರ, 1838ರ ಚಳಿಗಾಲದಲ್ಲಿ, ಎರಡು ದೇಶಗಳ ನಡುವಿನ ಓರೆಸುಂಡ್ ಜಲಸಂಧಿ ಹೆಪ್ಪುಗಟ್ಟಿತು. ಲುಂಡ್ ಮತ್ತು ಕೋಪನ್‌ಹೇಗನ್ನಿನ ವಿದ್ಯಾರ್ಥಿಗಳು ಮಂಜುಗಡ್ಡೆಯ ಮೇಲೆ ನಡೆದು ಬಂದು ಒಬ್ಬರನ್ನೊಬ್ಬರು ಕಂಡರು. 180 ವರ್ಷಗಳ ಹಿಂದೆ ಫಿರಂಗಿ ಎಳೆದುಕೊಂಡು ದಾಟಿದ ಹಾಗೆಯೇ ಈಗ ಹುಡುಗರು ಹಾಡು ಹೇಳುತ್ತ ದಾಟಿದರು.

ಅಲ್ಲಿಂದ ಮುಂದಿನ ಕಾಲು ಶತಮಾನವನ್ನು ಇತಿಹಾಸಕಾರರು ಸ್ಕ್ಯಾಂಡಿನೇವಿಯನಿಸಂನ ಕಾಲ ಎನ್ನುತ್ತಾರೆ. ಇಟಲಿ ಒಂದಾಗುತ್ತಿದೆ, ಜರ್ಮನಿ ಒಂದಾಗುತ್ತಿದೆ, ನಾವೇಕೆ ಆಗಬಾರದು? 1843ರಲ್ಲಿ ಉಪ್ಸಾಲಾ, 1845ರಲ್ಲಿ ಕೋಪನ್‌ಹೇಗನ್. ಹಬೆಹಡಗುಗಳಲ್ಲಿ ನೂರಾರು ವಿದ್ಯಾರ್ಥಿಗಳು ಬಂದಿಳಿಯುತ್ತಿದ್ದರು. ಭಾಷಣ, ಪ್ರತಿಜ್ಞೆ, ಹಾಡು, ಮೆರವಣಿಗೆ. ಮಕ್ಕಳ ಕಥೆಗಳಿಂದ ನಮಗೆಲ್ಲ ಗೊತ್ತಿರುವ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಕೂಡ ತಾನೊಬ್ಬ ಸ್ಕ್ಯಾಂಡಿನೇವಿಯನ್ ಎಂದು ಸಾರುವ ಕವಿತೆ ಬರೆದರು. ಕಾಲ್ಮಾರ್ ಒಕ್ಕೂಟದ ನೆನಪನ್ನೂ ಕೆದಕಿ ತೆಗೆದರು. ರಾಣಿ ಮಾರ್ಗರೇಟೆ 1397ರಲ್ಲಿ ಮೂರು ಸಿಂಹಾಸನಗಳನ್ನು ಒಂದೇ ಕಿರೀಟದ ಕೆಳಗೆ ತಂದಿದ್ದು ನಿಜ. ಆ ಒಕ್ಕೂಟ ಕೊನೆಗೊಂಡದ್ದು 1520ರಲ್ಲಿ ಸ್ಟಾಕ್‌ಹೋಮಿನ ಚೌಕದಲ್ಲಿ ಡ್ಯಾನಿಷ್ ದೊರೆ ಕಡಿಸಿದ ತಲೆಗಳಿಂದ, ಅದರ ಹಿಂದೆಯೇ ಎದ್ದ ದಂಗೆಯಿಂದ ಎಂಬುದನ್ನು ಹಾಡುಗಳಲ್ಲಿ ಯಾರೂ ನೆನೆಯಲಿಲ್ಲ. 1856ರಲ್ಲಿ, ಆಗ ಒಂದೇ ಕಿರೀಟದ ಕೆಳಗಿದ್ದ ಸ್ವೀಡನ್-ನಾರ್ವೆಯ ದೊರೆ ಒಂದನೆಯ ಆಸ್ಕರ್, ಇನ್ನು ಮುಂದೆ ಸ್ಕ್ಯಾಂಡಿನೇವಿಯಾದ ಸೋದರರ ನಡುವೆ ಯುದ್ಧ ಅಸಾಧ್ಯ ಎಂದು ಘೋಷಿಸಿದ.

ಪರೀಕ್ಷೆ 1864ರಲ್ಲಿ ಬಂತು. ಶ್ಲೆಸ್ವಿಗ್ ಪ್ರಾಂತ್ಯಕ್ಕಾಗಿ ಪ್ರಷ್ಯಾ ಮತ್ತು ಆಸ್ಟ್ರಿಯಾ ಡೆನ್ಮಾರ್ಕಿನ ಮೇಲೆ ಏರಿ ಬಂದವು. ಆಸ್ಕರನ ಮಗ ಹದಿನೈದನೆಯ ಕಾರ್ಲ್ ಹಿಂದಿನ ಬೇಸಿಗೆಯಲ್ಲಷ್ಟೇ ಡೆನ್ಮಾರ್ಕಿನ ದೊರೆಗೆ ಸುಮಾರು 20,000 ಸೈನಿಕರನ್ನು ಕಳಿಸುವ ಮಾತು ಕೊಟ್ಟಿದ್ದ. ಅವನ ಮಂತ್ರಿಗಳು ಒಪ್ಪಲಿಲ್ಲ. ಗಡಿ ದಾಟಿ ಹೋದವರು ಕೆಲವು ನೂರು ಸ್ವಯಂಸೇವಕರು ಮಾತ್ರ. ಏಪ್ರಿಲ್ 18ರಂದು ಡಿಬ್ಬೊಲ್ ಕೋಟೆಸಾಲು ಪ್ರಷ್ಯಾದ ಕೈಗೆ ಬಿತ್ತು. ಡೆನ್ಮಾರ್ಕ್ ಶ್ಲೆಸ್ವಿಗ್, ಹೋಲ್‌ಸ್ಟೈನ್ ಎರಡನ್ನೂ ಕಳೆದುಕೊಂಡಿತು. ನಾರ್ವೆಯ ನಾಟಕಕಾರ ಹೆನ್ರಿಕ್ ಇಬ್ಸನ್ ಈ ಕೈಕೊಟ್ಟ ನಡತೆಯನ್ನು ಕ್ಷಮಿಸಲೇ ಇಲ್ಲ. ಅದೇ ವರ್ಷ ನಾಡು ಬಿಟ್ಟವರು ಇಪ್ಪತ್ತೇಳು ವರ್ಷ ಇಟಲಿ, ಜರ್ಮನಿಗಳಲ್ಲಿ ಕಳೆದರು.

ಕುಡಿದು, ಹಾಡಿ, ಆಣೆ ಮಾಡಿ, ಕಷ್ಟ ಬಂದ ದಿನ ಬಾಗಿಲು ಹಾಕಿಕೊಂಡವರ ಮೇಲೆ ಇಬ್ಸನ್‌ಗೆ ಬಂದ ಕೋಪ ನನಗೆ ಅರ್ಥವಾಗುತ್ತದೆ. ಹಾಗಿದ್ದರೂ ಆ ಸೋಲಿನಿಂದಲೇ ಈ ಪ್ರದೇಶ ಬದುಕಿಕೊಂಡಿತು ಎಂದು ನಾನು ನಂಬುತ್ತೇನೆ. ಆ ಶತಮಾನದಲ್ಲಿ ಇಟಲಿ, ಜರ್ಮನಿಗಳು ಯುದ್ಧದ ಮೂಲಕವೇ ಒಂದಾದವು. ಒಂದಾದ ಮೇಲೆ ಎಲ್ಲರಿಗೂ ಒಂದೇ ಭಾಷೆ, ಒಂದೇ ಪಠ್ಯ, ಒಂದೇ ರಾಜಧಾನಿಯೆಂಬ ಹಟ ಹಿಡಿದವು. ಸ್ಕೋನೆಗೆ ಆದದ್ದೇ ದೊಡ್ಡ ಪ್ರಮಾಣದಲ್ಲಿ ಇಡೀ ಸ್ಕ್ಯಾಂಡಿನೇವಿಯಾಕ್ಕೆ ಆಗುತ್ತಿತ್ತು. ಯಾವುದೋ ಎರಡು ಭಾಷೆಗಳು ಉಪಭಾಷೆಗಳ ಮಟ್ಟಕ್ಕೆ ಇಳಿಯುತ್ತಿದ್ದವು. ಒಂದೇ ಮನೆ ಕಟ್ಟುವ ಆಸೆ ಮುರಿದುಬಿದ್ದದ್ದರಿಂದ ಮೂವರೂ ಬೇಲಿಯಲ್ಲಿ ಗೇಟು ಇಡುವುದನ್ನು ಕಲಿತರು.

ಕಲಿತದ್ದು ಸಪ್ಪೆಯೆನಿಸುವ ಕೆಲಸಗಳ ಮೂಲಕ. 1873ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್, 1875ರಲ್ಲಿ ನಾರ್ವೆ, ಸಮಾನ ಬೆಲೆಯ ಚಿನ್ನದ ಕ್ರೋನವನ್ನು ಒಪ್ಪಿಕೊಂಡವು; ಮೊದಲ ಮಹಾಯುದ್ಧದವರೆಗೆ ಒಬ್ಬರ ನಾಣ್ಯ ಇನ್ನೊಬ್ಬರ ಅಂಗಡಿಯಲ್ಲಿ ನಡೆಯುತ್ತಿತ್ತು. ವಕೀಲರು ಒಟ್ಟಿಗೆ ಕುಳಿತು ವಾಣಿಜ್ಯ ಕಾನೂನುಗಳನ್ನು ಹೊಂದಿಸಿದರು. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾದ ರೀತಿ. ಜನಮತ ಗಣನೆಯಲ್ಲಿ ಬೇರೆಯಾಗಬೇಕೆಂದವರು 3,68,208, ಬೇಡವೆಂದವರು 184. ಮತದಾನದ ಹಕ್ಕಿಲ್ಲದ ಮಹಿಳೆಯರು ತಾವೇ ಎರಡು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಒಪ್ಪಿಸಿದರು. ಗಡಿಯ ಎರಡೂ ಕಡೆ ಸೈನ್ಯ ಜಮಾಯಿಸಿತ್ತು. ಕಾರ್ಲ್‌ಸ್ಟಾಡ್ ಊರಿನಲ್ಲಿ ವಾರಗಟ್ಟಲೆ ಮಾತುಕತೆ ನಡೆದು, ಗಡಿಕೋಟೆಗಳನ್ನು ಕೆಡವಲು ಒಪ್ಪಿ, ಒಂದು ಗುಂಡೂ ಹಾರದೆ ಒಕ್ಕೂಟ ಮುಗಿಯಿತು. ಆ ಗಡಿಯ ಮೇಲೆ ಮೊರೊಕುಲಿಯೆನ್ ಎಂಬಲ್ಲಿ ಶಾಂತಿ ಸ್ಮಾರಕವಿದೆ. ಅದರ ಮೇಲೆ ಕೆತ್ತಿರುವುದು ಒಂದನೆಯ ಆಸ್ಕರನ ಅದೇ ಮಾತು. ಅದನ್ನು ಅನಾವರಣ ಮಾಡಿದ್ದು 1914ರ ಆಗಸ್ಟ್‌ನಲ್ಲಿ, ಉಳಿದ ಯುರೋಪ್ ಕತ್ತಿ ಹಿರಿದ ಎರಡೇ ವಾರಗಳಲ್ಲಿ. ಒಂದಾಗಲು ಹೋದಾಗ ಕೊಟ್ಟು ತಪ್ಪಿದ ಮಾತನ್ನು ಬೇರೆಯಾಗುವಾಗ ಅವರು ನಡೆಸಿಕೊಟ್ಟರು.

ಈ ಒಳ್ಳೆಯತನದ ಬೆಲೆ ತೆತ್ತವರೂ ಇದ್ದಾರೆ. ನಾರ್ವೆ, ಸ್ವೀಡನ್, ಫಿನ್ಲೆಂಡ್ ಮತ್ತು ರಷ್ಯಾದ ಉತ್ತರ ತುದಿಗಳಲ್ಲಿ ಹರಡಿಕೊಂಡಿರುವ ಸಾಮಿ ಜನರ ಹಿಮಸಾರಂಗಗಳು ಚಳಿಗಾಲದಲ್ಲಿ ಒಳನಾಡಿನ ಕಾಡುಗಳಲ್ಲಿ, ಬೇಸಿಗೆಯಲ್ಲಿ ನಾರ್ವೆಯ ಕರಾವಳಿಯ ಕಡೆಗೆ ಮೇಯುತ್ತಿದ್ದವು. 1751ರಲ್ಲಿ ಗಡಿ ಗುರುತಿಸಿದಾಗ ಒಪ್ಪಂದಕ್ಕೊಂದು ಅನುಬಂಧ ಸೇರಿಸಿ, ಸಾಮಿಗಳು ಹಿಂಡು ಹೊಡೆದುಕೊಂಡು ಗಡಿ ದಾಟುವ ಹಕ್ಕನ್ನು ಬರೆದುಕೊಟ್ಟಿದ್ದರು. 1905ರ ನಂತರ ಹೊಸ ನಾರ್ವೆಗೆ ತನ್ನ ಹುಲ್ಲುಗಾವಲು ತನ್ನ ರೈತರಿಗೇ ಬೇಕಾಯಿತು. 1919ರ ಒಪ್ಪಂದದಲ್ಲಿ ದಾಟಬಹುದಾದ ಹಿಮಸಾರಂಗಗಳ ಸಂಖ್ಯೆಗೆ ಮಿತಿ ಬಿತ್ತು. ಮೇವು ಸಾಲದೆಂದು ಸ್ವೀಡನ್ನಿನ ಅಧಿಕಾರಿಗಳು ಉತ್ತರದ ತುದಿಯ ಸಾಮಿ ಕುಟುಂಬಗಳನ್ನು ನೂರಾರು ಮೈಲಿ ದಕ್ಷಿಣಕ್ಕೆ ಎಬ್ಬಿಸಿದರು. ಅವರು ಹೋಗಿ ನಿಂತ ಕಾಡುಗಳಲ್ಲಿ ಆಗಲೇ ಬೇರೆ ಸಾಮಿಗಳು ಹಿಂಡು ಮೇಯಿಸುತ್ತಿದ್ದರು; ಆ ಜಗಳದ ನೋವು ಮೊಮ್ಮಕ್ಕಳ ಕಾಲಕ್ಕೂ ಉಳಿದಿದೆ. 1922ರಲ್ಲಿ ಉಪ್ಸಾಲಾದಲ್ಲಿ ಜನಾಂಗ ಜೀವಶಾಸ್ತ್ರದ ಸರಕಾರಿ ಸಂಸ್ಥೆಯೊಂದು ಶುರುವಾಗಿ ಸಾಮಿಗಳ ತಲೆಬುರುಡೆ ಅಳೆಯಿತು. ಒಂದೇ ಬಳ್ಳಿಯ ಜನ ಎಂದು ಕಲ್ಲಿನಲ್ಲಿ ಕೊರೆದಾಗ ಆ ಬಳ್ಳಿಗೆ ಸೇರದವರು ಯಾರೆಂಬುದೂ ತೀರ್ಮಾನವಾಗಿಬಿಟ್ಟಿತ್ತು. ಲುಂಡ್‌ನ ಆ ಸ್ತಂಭವನ್ನು ಎಷ್ಟು ಮೆಚ್ಚಿದರೂ ಈ ಮಾತು ನನ್ನನ್ನು ಬಿಡುವುದಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಮೂವರ ದಾರಿ ಮತ್ತೆ ಬೇರೆಯಾಯಿತು. 1940ರ ಏಪ್ರಿಲ್ 9ರಂದು ಜರ್ಮನಿ ಡೆನ್ಮಾರ್ಕ್, ನಾರ್ವೆಗಳನ್ನು ಆಕ್ರಮಿಸಿತು. ತಟಸ್ಥ ಸ್ವೀಡನ್ ಜರ್ಮನ್ ಸೈನಿಕರಿಗೆ ತನ್ನ ರೈಲುಗಳಲ್ಲಿ ಓಡಾಡಲು ಬಿಟ್ಟಿತು. ನಾರ್ವೆಯ ಹಿರಿಯರು ಅದನ್ನು ಮರೆತಿಲ್ಲ. ಅದೇ ಸ್ವೀಡನ್ 1943ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆಯಿತು. ಡೆನ್ಮಾರ್ಕಿನ ಯಹೂದಿಗಳನ್ನು ಹಿಡಿದು ಸಾಗಿಸುವ ಸುದ್ದಿ ಹಬ್ಬಿದಾಗ ಮೀನುಗಾರರ ದೋಣಿಗಳಲ್ಲಿ ರಾತ್ರೋರಾತ್ರಿ 7,000ಕ್ಕೂ ಹೆಚ್ಚು ಜನ ಓರೆಸುಂಡ್ ದಾಟಿ ಸ್ಕೋನೆಯ ದಡ ಸೇರಿದರು.

ಯುದ್ಧ ಮುಗಿದ ಮೇಲೆ ಮತ್ತೆ ದೊಡ್ಡ ಕನಸು, ಮತ್ತೆ ಸೋಲು. ಮೂರೂ ಸೇರಿ ರಕ್ಷಣಾ ಒಕ್ಕೂಟ ಕಟ್ಟುವ ಮಾತುಕತೆ 1949ರ ಆರಂಭದಲ್ಲಿ ಮುರಿಯಿತು. ಡೆನ್ಮಾರ್ಕ್, ನಾರ್ವೆ ನ್ಯಾಟೋ ಸೇರಿದವು, ಸ್ವೀಡನ್ ಹೊರಗುಳಿಯಿತು. ಜಂಟಿ ಆರ್ಥಿಕ ಒಕ್ಕೂಟದ ಯೋಜನೆ 1970ರಲ್ಲಿ ಬಿತ್ತು. ಬೆಂಗಳೂರಿನಲ್ಲಿ ಎಸಿ ಬಸ್ಸಿಗೆ ಪರ್ಯಾಯ ಹೆಸರೇ ಆಗಿಹೋದ ವೋಲ್ವೋ ಕಂಪನಿಯಲ್ಲಿ 1978ರಲ್ಲಿ ನಾರ್ವೆಗೆ ಶೇ. 40ರಷ್ಟು ಪಾಲು, ಪ್ರತಿಯಾಗಿ ವೋಲ್ವೋಗೆ ಉತ್ತರ ಸಮುದ್ರದ ತೈಲದಲ್ಲಿ ಅವಕಾಶ ಎಂಬ ಒಪ್ಪಂದವಾಗಿತ್ತು. ಸ್ವೀಡನ್ನಿನ ಷೇರುದಾರರು ವಿರೋಧಿಸಿದ್ದರಿಂದ ಮರುವರ್ಷವೇ ಅದೂ ರದ್ದಾಯಿತು. ನಾರ್ವೆಯ ತೈಲ ಮುಂದೆ ಎಷ್ಟು ಹಣ ತಂದಿತೆಂದು ನೋಡಿದವರು ಇಲ್ಲಿ ಈಗಲೂ ನಿಟ್ಟುಸಿರು ಬಿಡುತ್ತಾರೆ.

ಉಳಿದದ್ದು ಮತ್ತೆ ದಿನಬಳಕೆಯ ವಿಷಯಗಳೇ. 1946ರಲ್ಲಿ ಸ್ವೀಡನ್ನಿಗೆ ಏಳರಲ್ಲಿ ಮೂರು, ಉಳಿದಿಬ್ಬರಿಗೆ ಎರಡೆರಡು ಪಾಲಿನಂತೆ ಜಂಟಿ ವಿಮಾನ ಸಂಸ್ಥೆ ಎಸ್‌ಎಎಸ್ ಹುಟ್ಟಿತು. 1952ರಲ್ಲಿ ನಾರ್ಡಿಕ್ ಮಂಡಳಿ ರಚನೆಯಾಯಿತು, ಅದೇ ವರ್ಷದಿಂದ ಪಾಸ್‌ಪೋರ್ಟ್ ಇಲ್ಲದೆ ಓಡಾಟ. 1954ರಲ್ಲಿ ಯಾವ ದೇಶದಲ್ಲಿ ಬೇಕಾದರೂ ಕೆಲಸ ಮಾಡುವ ಹಕ್ಕು. ಯುರೋಪಿಯನ್ ಒಕ್ಕೂಟದ ಹೆಸರೇ ಇಲ್ಲದಿದ್ದ ಕಾಲವದು. 2000ದ ಜುಲೈ 1ರಂದು ಮಾಲ್ಮೊ ಮತ್ತು ಕೋಪನ್‌ಹೇಗನ್ ನಡುವೆ ಸೇತುವೆ ತೆರೆಯಿತು: ಸುಮಾರು ಎಂಟು ಕಿಲೋಮೀಟರ್ ಸೇತುವೆ, ಸಮುದ್ರದಲ್ಲಿ ಮಣ್ಣು ಸುರಿದು ಮಾಡಿದ ದ್ವೀಪ, ಅಲ್ಲಿಂದ ಮುಂದೆ ನೀರಿನಡಿಯ ಸುರಂಗ. ಮಾಲ್ಮೊದಲ್ಲಿ ಮನೆ, ಕೋಪನ್‌ಹೇಗನ್ನಿನಲ್ಲಿ ಕೆಲಸ ಎನ್ನುವವರು ಸಾವಿರಾರು ಮಂದಿಯಾದರು.

ಆ ರೈಲಿನಲ್ಲಿ ನಾನೂ ಎಷ್ಟೋ ಸಲ ಹೋಗುತ್ತೇನೆ, ಕೆಲಸಕ್ಕಲ್ಲ. ಸ್ವೀಡನ್ ಕೊಟ್ಟ ವಾಸದ ಪರವಾನಗಿ ಇರುವ ಭಾರತೀಯ ನಾನು. ಡೆನ್ಮಾರ್ಕಿನಲ್ಲಿ ದುಡಿಯಬೇಕಾದರೆ ಆ ದೇಶದ ಪರವಾನಗಿ ಪ್ರತ್ಯೇಕವಾಗಿ ಬೇಕು. ನನ್ನ ಪಕ್ಕದ ಸೀಟಿನ ಸ್ವೀಡನ್ನಿನ ಪ್ರಜೆಗೆ 1954ರಿಂದಲೂ ಇಲ್ಲದ ಗಡಿ ನನಗೆ ಜಲಸಂಧಿಯ ನಡುವೆ ಇದ್ದೇ ಇದೆ. ಪಕ್ಕದವರಿಗೂ ಅದು ಮರಳಿ ಬಂದದ್ದು 2015ರ ನವೆಂಬರ್‌ನಲ್ಲಿ. ಆ ವರ್ಷ ಸ್ವೀಡನ್ನಿನಲ್ಲಿ ಆಶ್ರಯ ಕೋರಿದವರು 1.6 ಲಕ್ಷಕ್ಕೂ ಹೆಚ್ಚು. ಮಾಲ್ಮೊ ಬದಿಯ ಹಿಲ್ಲಿಯೆ ನಿಲ್ದಾಣದಲ್ಲಿ ಪೊಲೀಸರು ಬೋಗಿ ಹತ್ತಿ ತಪಾಸಣೆ ಆರಂಭಿಸಿದರು. ಮರುವರ್ಷ ಜನವರಿಯಿಂದ ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಇಳಿದು ಗುರುತಿನ ಚೀಟಿ ತೋರಿಸಿ ಬೇರೆ ರೈಲು ಹತ್ತಬೇಕಾಯಿತು. ಅದು ಒಂದೂವರೆ ವರ್ಷದ ಹತ್ತಿರ ನಡೆಯಿತು. 2020ರಲ್ಲಿ ಕೊರೊನಾ ಬಂದಾಗ ಡೆನ್ಮಾರ್ಕ್, ನಾರ್ವೆ ಎರಡೂ ಸ್ವೀಡನ್ನಿಗೆ ಬಾಗಿಲು ಹಾಕಿದವು. ಹಾಗೆಂದು ಬರೀ ಕುಗ್ಗುವಿಕೆಯೂ ಅಲ್ಲ. 2023ರಲ್ಲಿ ಫಿನ್ಲೆಂಡ್, 2024ರ ಮಾರ್ಚ್‌ನಲ್ಲಿ ಸ್ವೀಡನ್ ನ್ಯಾಟೋ ಸೇರಿದ್ದರಿಂದ, 1949ರಲ್ಲಿ ಆಗದ ಜಂಟಿ ರಕ್ಷಣೆ ಈಗ ಇನ್ನೊಂದು ಹೆಸರಿನಲ್ಲಿ ಕೈಗೂಡಿದೆ.

ಸರಕಾರಗಳು ಹಾಕುವ ಗಡಿಗಳನ್ನು ಸರಕಾರಗಳೇ ತೆಗೆಯುತ್ತವೆ. ನನಗೆ ಹೆಚ್ಚು ಕಾಡುವುದು ಮಾತಿನ ಸಂಗತಿ. ಡ್ಯಾನಿಷ್, ನಾರ್ವೇಜಿಯನ್, ಸ್ವೀಡಿಷ್ ಮೂರನ್ನೂ ಕಲಿಯದೆಯೇ, ಸ್ವಲ್ಪ ಕಿವಿಗೊಟ್ಟರೆ, ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತದೆ. ಬರಹದಲ್ಲಿ ಬಹಳ ಸುಲಭ, ಕಿವಿಗೆ ಡ್ಯಾನಿಷ್ ಕಷ್ಟ. ನಡುವೆ ನಿಂತಿರುವ ನಾರ್ವೆಯವರು ಇಬ್ಬರನ್ನೂ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾರೆ. ಕೋಪನ್‌ಹೇಗನ್ನಿನ ಬ್ರೆಡ್ ಅಂಗಡಿಯೊಂದರಲ್ಲಿ ನನ್ನ ಮುಂದಿದ್ದ ಸ್ಕೋನೆಯ ಅಜ್ಜಿ ಸ್ವೀಡಿಷ್‌ನಲ್ಲಿ ಬೆಲೆ ಕೇಳಿದರು. ಡೇನರ ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ ಹೋಗುತ್ತದೆ, ತೊಂಬತ್ತು ಎಂದರೆ ಇಪ್ಪತ್ತರ ನಾಲ್ಕೂವರೆ ಪಟ್ಟು. ಹುಡುಗಿ ಹಾಗೆಯೇ ತೊಂಬತ್ತೈದು ಎಂದಳು. ಅಜ್ಜಿ ಕಣ್ಣು ಕಿರಿದು ಮಾಡಿದರು. ಹುಡುಗಿ ಸಂಖ್ಯೆಯನ್ನು ಮಾತ್ರ ಸ್ವೀಡಿಷ್‌ನಲ್ಲಿ ಹೇಳಿ, ಉಳಿದ ಮಾತನ್ನು ನಿಧಾನವಾದ ಡ್ಯಾನಿಷ್‌ನಲ್ಲೇ ಮುಂದುವರಿಸಿದಳು. ಇಬ್ಬರೂ ಅವರವರ ಭಾಷೆ ಬಿಡಲಿಲ್ಲ, ವ್ಯವಹಾರ ಮುಗಿಯಿತು. ನನಗೆ ಗೊತ್ತಿರುವ ಸ್ಕ್ಯಾಂಡಿನೇವಿಯಾ ಅಂದರೆ ಇದು: ನೆರೆಯವರ ಮಾತಿಗಾಗಿ ಎರಡು ಕ್ಷಣ ಹೆಚ್ಚು ಕಾಯುವ ತಾಳ್ಮೆ.

ಅಜ್ಜಿಯ ಮೊಮ್ಮಕ್ಕಳ ವಯಸ್ಸಿನವರು ಆ ಅಂಗಡಿಯಲ್ಲಿ ಇಂಗ್ಲಿಷಿಗೆ ತಿರುಗುತ್ತಾರೆ. ಇಂಗ್ಲಿಷ್ ಎಲ್ಲರಿಗೂ ಚೆನ್ನಾಗಿ ಬರುತ್ತದೆ, ಯಾರೂ ತಡವರಿಸಬೇಕಾಗಿಲ್ಲ. ಕಚೇರಿಯಲ್ಲಂತೂ ನಮ್ಮ ತಂಡದಲ್ಲಿ ಒಬ್ಬ ಡೇನ್, ಒಬ್ಬಾಕೆ ನಾರ್ವೆಯವರು, ನಾಲ್ವರು ಸ್ವೀಡರು. ನಾನು ಒಳಗೆ ಬಂದ ಕೂಡಲೇ ಎಲ್ಲರ ಮಾತೂ ಇಂಗ್ಲಿಷಾಗುತ್ತಿತ್ತು. ನನ್ನ ಮೇಲಿನ ಮರ್ಯಾದೆಗಾಗಿ ಹಾಗೆ ಮಾಡುತ್ತಿದ್ದರು ಎಂದು ಬಲ್ಲೆ. ಸ್ವೀಡಿಷ್ ಒಂದು ಮಟ್ಟಕ್ಕೆ ಬಂದ ಮೇಲೆ ನಾನೇ ಕೇಳಿಕೊಂಡೆ: ನೀವು ನೀವು ಆಡುವ ಹಾಗೆಯೇ ಆಡಿ, ತುಸು ನಿಧಾನವಾಗಿ ಆಡಿದರೆ ಸಾಕು. ಕಳೆದ ತಿಂಗಳಿನ ಸಭೆ ಪೂರ್ತಿ ಹಾಗೆಯೇ ನಡೆಯಿತು. ನಾರ್ವೆಯಾಕೆಯ ಮಾತು ಬಹುಪಾಲು ತಿಳಿಯಿತು. ಡೇನ್ ಗೆಳೆಯನನ್ನು ಆಗಾಗ ತಡೆದು ಕೇಳಿದೆ. ಸ್ವೀಡರೂ ಅಷ್ಟೇ ಸಲ ತಡೆದು ಕೇಳಿದರು.